ಸಿನಿಮಾ ಯಾಕೋ ಬೇಡ ಅನ್ನಿಸುತ್ತಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಾಲದಲ್ಲಿ ನಾನು ಶುಕ್ರವಾರ ಬಂತೆಂದರೆ ಕಾಲೇಜಿನಿಂದ ನೇರ ಟಾಕೀಸಿಗೆ ಹೋಗುವವ. ಈಗ ಟಾಕೀಸಿಗೆ ಹೋಗಿ ವರ್ಷಕ್ಕೆ ಮೂರು ಸಿನಿಮಾ ನೋಡಿದರೆ ಹೆಚ್ಚು. ಇದನ್ನು ಹೇಳಿಕೊಂಡಾಗಲೆಲ್ಲ ಎದುರಿನವರು ಸ್ವಲ್ಪ ಹತ್ತಿರ ಬಂದು, "ಹೌದು ಮಾರಾಯ್ರೆ, ನನಗೂ ಹಾಗೇ" ಅನ್ನುತ್ತಾರೆ. ಏನೋ ಗುಟ್ಟು ಹೇಳಿದ ಹಾಗೆ. ಉಡುಪಿಯ ಮದುವೆ ಊಟದಲ್ಲಿ, ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಆಫೀಸಿನ ಚಹಾದ ಹೊತ್ತಿನಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ನಾನು ಡಾಕ್ಟರಲ್ಲ. ಸ್ವಲ್ಪ ಓದಿದ್ದೇನೆ, ಜಾಸ್ತಿ ಕೇಳಿಸಿಕೊಂಡಿದ್ದೇನೆ.

ಸಿನಿಮಾ ಬೇಡ ಅನ್ನಿಸುವುದು ಕಾಯಿಲೆಯಾ?

ಅಲ್ಲ. ಶಾಲೆಯಲ್ಲಿದ್ದಾಗ ಸ್ಟ್ಯಾಂಪ್ ಕೂಡಿಸುತ್ತಿದ್ದವರು ಒಂದು ದಿನ ಬಿಟ್ಟರು. ಯಾಕೆ ಬಿಟ್ಟಿರಿ ಅಂತ ಅವರನ್ನು ಯಾರೂ ಕೇಳುವುದಿಲ್ಲ. ಸಿನಿಮಾ ಬಿಟ್ಟರೆ ಮಾತ್ರ "ಅಯ್ಯೋ, ಎಂತ ಆಯ್ತು ನಿಮಗೆ?" ಅನ್ನುತ್ತಾರೆ. ಎಲ್ಲರೂ ನೋಡುತ್ತಾರೆ, ಹಾಗಾಗಿ ನೋಡದವನೇ ವಿಚಿತ್ರ.

ಒಂದು ಮಾತ್ರ ಗಮನಿಸಿಕೊಳ್ಳಿ. ಸಿನಿಮಾ ಒಂದೇ ಬೇಡವಾಗಿದೆಯಾ, ಅಥವಾ ಎಲ್ಲವೂ ಬೇಡವಾಗಿದೆಯಾ? ಸಿನಿಮಾ ಬೇಡ, ಆದರೆ ಕಂಬಳ ಅಂದರೆ ರಾತ್ರಿ ಇಡೀ ಗದ್ದೆಯ ಬದಿಯಲ್ಲಿ ನಿಲ್ಲುತ್ತೀರಿ, ಭಾನುವಾರ ಮೀನು ತರಲು ಬೆಳಿಗ್ಗೆಯೇ ಹೊರಡುತ್ತೀರಿ ಅಂತಾದರೆ ನಿಮಗೇನೂ ಆಗಿಲ್ಲ. ಮೀನೂ ಬೇಡ, ಕಂಬಳವೂ ಬೇಡ, ಫೋನ್ ಬಂದರೆ ಎತ್ತುವುದೂ ಬೇಡ ಅಂತಿದ್ದರೆ ಕೆಳಗೆ ಖಿನ್ನತೆಯ ಬಗ್ಗೆ ಇರುವ ಪ್ರಶ್ನೆಗೆ ಮೊದಲು ಹೋಗಿ.

ಮೊದಲು ವಾರಕ್ಕೊಂದು ನೋಡುತ್ತಿದ್ದೆ. ಈಗ ಮನಸ್ಸೇ ಬರುವುದಿಲ್ಲ. ಅಂಥದ್ದೇನಾಯ್ತು?

ನಿಮಗೆ ಆಗ ಇಷ್ಟವಾಗಿದ್ದು ಸಿನಿಮಾವೇ ಅಂತ ಖಾತ್ರಿ ಉಂಟಾ?

ನನ್ನ ಕಥೆ ಹೇಳುತ್ತೇನೆ. ಉಡುಪಿ, ಜುಲೈ ತಿಂಗಳು. ನಾವು ನಾಲ್ಕು ಜನ, ಕೊಡೆ ಒಂದೇ. ಒಬ್ಬ ಮುಂಚೆಯೇ ಓಡಿ ಕ್ಯೂ ಹಿಡಿಯಬೇಕು. ಟಿಕೆಟ್ ಕೌಂಟರಿನ ಕಂಡಿ ಕೈ ಹೋಗುವಷ್ಟೇ ದೊಡ್ಡದು. ಒದ್ದೆ ನೋಟನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ತೂರಿಸಿದರೆ ತೆಳು ಕಾಗದದ ನಾಲ್ಕು ಟಿಕೆಟು ಕೈಗೆ ಬರುತ್ತಿತ್ತು. ಕೈ ಹೊರಗೆ ಎಳೆಯುವಾಗ ಗೆಣ್ಣು ತರಚುತ್ತಿತ್ತು. ಒಳಗೆ ಒದ್ದೆ ಬಟ್ಟೆಯ ವಾಸನೆ. ಸೀಟಿನಲ್ಲಿ ತಿಗಣೆ. ಇಂಟರ್‌ವಲ್‌ನಲ್ಲಿ ಪೇಪರ್ ತುಂಡಿನ ಮೇಲೆ ಗೋಳಿಬಜೆ, ನಾಲ್ಕು ಜನಕ್ಕೆ ಎರಡು ಪ್ಲೇಟು. ಸಿನಿಮಾ ಬಿಟ್ಟ ಮೇಲೆ ಕೊನೆಯ ಬಸ್ಸು ತಪ್ಪಿ, ಮಳೆಯಲ್ಲೇ ನಡೆಯುತ್ತಾ ಒಬ್ಬ ವಿಲನ್‌ನ ಡೈಲಾಗ್ ಹೊಡೆಯುವುದು, ಇನ್ನೊಬ್ಬ ಬಾಯಲ್ಲೇ ಮ್ಯೂಸಿಕ್ ಕೊಡುವುದು.

ಆ ಸಿನಿಮಾ ಯಾವುದೆಂದು ಇವತ್ತು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಕೊಡೆ ನೆನಪುಂಟು. ಅದರ ಒಂದು ಕಡ್ಡಿ ಮುರಿದಿತ್ತು, ನೀರು ಸರಿಯಾಗಿ ನನ್ನ ಎಡ ಭುಜಕ್ಕೇ ಬೀಳುತ್ತಿತ್ತು.

ಆ ನಾಲ್ವರಲ್ಲಿ ಒಬ್ಬ ಮಸ್ಕತ್‌ನಲ್ಲಿದ್ದಾನೆ, ಇಬ್ಬರು ಬೆಂಗಳೂರಿನಲ್ಲಿ. ನಾನೊಬ್ಬನೇ ಇಲ್ಲಿ. ಮಾಲ್‌ನ ಮೆತ್ತನೆ ಕುರ್ಚಿಯಲ್ಲಿ, ತಣ್ಣನೆ ಎಸಿಯಲ್ಲಿ ಒಬ್ಬನೇ ಕೂತು ನೋಡಿದರೆ ಸಿನಿಮಾ ಚೆನ್ನಾಗಿಯೇ ಇರುತ್ತದೆ. ಮುಗಿದ ಮೇಲೆ ಮಾತಾಡಲು ಯಾರಿಲ್ಲ. ನನ್ನ ಅನುಮಾನ ಇದು: ಸಿನಿಮಾ ಬೊಡಿತು, ಅಂದರೆ ಸಾಕಾಯಿತು, ಅನ್ನುವ ಹಲವರಿಗೆ ನಿಜವಾಗಿ ತಪ್ಪಿಹೋದದ್ದು ಈ ಹೋಗುವುದು, ಬರುವುದು, ಕಾಯುವುದು, ಕಿತ್ತಾಡುವುದು.

ಮಂಗಳೂರಿನ ಜ್ಯೋತಿ ಸರ್ಕಲ್‌ಗೆ ಆ ಹೆಸರು ಬಂದದ್ದೇ ಟಾಕೀಸಿನಿಂದ. ಕಾಗದದಲ್ಲಿ ಅದು ಅಂಬೇಡ್ಕರ್ ವೃತ್ತ. ಬಸ್ ಕಂಡಕ್ಟರ್ ಬಾಯಲ್ಲಿ ಮಾತ್ರ ‘ಜ್ಯೋತಿ’. ಒಂದು ಊರಿನ ಜನ ಬಸ್ ಸ್ಟಾಪನ್ನೇ ಟಾಕೀಸಿನ ಹೆಸರಲ್ಲಿ ಕರೆಯುತ್ತಾರೆ ಅಂದರೆ ಅಲ್ಲಿ ನಡೆಯುತ್ತಿದ್ದದ್ದು ಬರೀ ಸಿನಿಮಾ ನೋಡುವ ಕೆಲಸ ಅಲ್ಲ, ಅಲ್ವಾ?

ರೀಲ್ಸ್ ನೋಡಿ ನೋಡಿ ನನ್ನ ತಾಳ್ಮೆ ಹಾಳಾಯ್ತಾ?

ಸ್ವಲ್ಪ ಹೌದು. ಆದರೆ ಜನ ಹೇಳುವಷ್ಟಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರು ಕಂಪ್ಯೂಟರ್ ಮುಂದೆ ಕೆಲಸ ಮಾಡುವವರನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. 2004ರ ಹೊತ್ತಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿಯಿತು. ಈ 47 ಸೆಕೆಂಡಿನ ಮಾತನ್ನು ಹಿಡಿದುಕೊಂಡು "ಮನುಷ್ಯನ ಗಮನವೇ ಸತ್ತಿತು" ಅನ್ನುವವರಿದ್ದಾರೆ. ಆ ಲೆಕ್ಕ ಆಫೀಸಿನ ಪರದೆಯದ್ದು. ಸಿನಿಮಾದ್ದಲ್ಲ.

ರೀಲ್ಸ್ ಬಿಡದೆ ನೋಡುವ ನನ್ನ ಅಕ್ಕನ ಮಗ ಐಪಿಎಲ್ ಇದ್ದರೆ ನಾಲ್ಕು ಗಂಟೆ ಅಲುಗಾಡದೆ ಕೂರುತ್ತಾನೆ. ತಾಳ್ಮೆ ಸತ್ತಿದ್ದರೆ ಅದು ಎಲ್ಲಿಂದ ಬಂತು? ರೀಲ್ಸ್ ಕಲಿಸಿದ್ದು ಬೇರೆಯದನ್ನು. ಬೋರ್ ಆದ ಕೂಡಲೇ ಹೆಬ್ಬೆರಳು ಎತ್ತಬಹುದು ಅಂತ ಅದು ಕೈಗೆ ಅಭ್ಯಾಸ ಮಾಡಿಸಿದೆ. ಸಿನಿಮಾದಲ್ಲಿ ಮೊದಲ ಅರ್ಧ ಗಂಟೆ ಪಾತ್ರಗಳ ಪರಿಚಯಕ್ಕೇ ಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ ಕೈ ನಾಲ್ಕು ಸಲ ಮೊಬೈಲಿಗೆ ಹೋಗಿರುತ್ತದೆ. ಮುಖ್ಯ ಮಾತು ತಪ್ಪುತ್ತದೆ. ಆಮೇಲೆ "ಇವನ್ಯಾರು?" ಅಂತ ಕೇಳುವುದು. ತಲೆಬುಡ ಗೊತ್ತಾಗದ್ದು ಯಾರಿಗೆ ತಾನೆ ಇಷ್ಟವಾಗುತ್ತದೆ?

ಮನೆಯಲ್ಲೇ ಸಾವಿರಾರು ಸಿನಿಮಾ ಉಂಟು. ಯಾವುದನ್ನೂ ನೋಡಲಾಗುತ್ತಿಲ್ಲ. ಯಾಕೆ?

ನಮ್ಮ ಮನೆಯ ಶನಿವಾರ ರಾತ್ರಿ ಹೀಗಿರುತ್ತಿತ್ತು. ಊಟದ ತಟ್ಟೆ ಹಿಡಿದುಕೊಂಡೇ ಟಿವಿ ಮುಂದೆ ಕೂರುತ್ತೇವೆ. ರಿಮೋಟ್ ನನ್ನ ಕೈಯಲ್ಲಿ. "ಇದು ನೋಡುವನಾ?" "ಬೇಡ, ಅದರಲ್ಲಿ ಹೊಡೆದಾಟ." "ಇದು?" "ಯಾರೋ ಚೆನ್ನಾಗಿಲ್ಲ ಅಂದರು." ಟ್ರೇಲರ್ ಒಂದು, ಇನ್ನೊಂದು. ಗಂಜಿ ತಣ್ಣಗಾಗಿ ಮೇಲೆ ಕೆನೆಗಟ್ಟಿರುತ್ತದೆ. ಉಪ್ಪಿನಕಾಯಿ ಮುಗಿದಿರುತ್ತದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಹೆಂಡತಿ, "ನಾಳೆ ನೋಡುವ" ಅಂತ ಎದ್ದು ಹೋಗುತ್ತಾಳೆ. ನಾಳೆಯೂ ಇದೇ.

ಭಾರತಕ್ಕೆ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊ ಎರಡೂ ಬಂದದ್ದು 2016ರಲ್ಲಿ. ಅದಕ್ಕೆ ಮೊದಲು ಹೆಚ್ಚಿನವರ ಮನೆಯಲ್ಲಿ ಟಿವಿಯಲ್ಲಿ ಬಂದದ್ದನ್ನು ನೋಡುವುದು, ಅಷ್ಟೇ. ಇನ್ನೂ ಹಿಂದೆ ಭಾನುವಾರ ಸಂಜೆ ದೂರದರ್ಶನದವರು ಹಾಕಿದ್ದೇ ಸಿನಿಮಾ. ಚೆನ್ನಾಗಿಲ್ಲದಿದ್ದರೂ ನೋಡಿ, ಆಮೇಲೆ ಬೈಯುತ್ತಿದ್ದೆವು. ಬೈಯುವುದರಲ್ಲೂ ಒಂದು ಖುಷಿ ಇತ್ತು.

ಆಯ್ಕೆ ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಉಂಟು. 2000ನೇ ಇಸವಿಯಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಪ್ರಕಟಿಸಿದ್ದು. ಅಂಗಡಿಯಲ್ಲಿ ಒಮ್ಮೆ 24 ಬಗೆಯ ಜಾಮ್ ಇಟ್ಟರು, ಒಮ್ಮೆ 6 ಬಗೆ. 24 ಇಟ್ಟಾಗ ನಿಂತು ನೋಡಿದವರು ಜಾಸ್ತಿ. ಕೊಂಡವರು ನೂರಕ್ಕೆ 3 ಜನ. 6 ಇಟ್ಟಾಗ ನೂರಕ್ಕೆ 30. ಆಮೇಲೆ ಬೇರೆಯವರು ಇಂಥ ಪ್ರಯೋಗ ಮಾಡಿದಾಗ ಎಲ್ಲಾ ಕಡೆ ಹೀಗೇ ಆಗಲಿಲ್ಲ. ಅದಕ್ಕೆ ಇದನ್ನು ವೇದವಾಕ್ಯ ಅಂದುಕೊಳ್ಳಬೇಡಿ. ಆದರೆ ನಮ್ಮ ಮನೆಯ ಗಂಜಿ ಮಾತ್ರ ಪ್ರತಿ ಶನಿವಾರ ತಣ್ಣಗಾಗುತ್ತಿತ್ತು.

ಹತ್ತು ನಿಮಿಷದಲ್ಲೇ ಕಥೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಬೋರಾ?

ಇಪ್ಪತ್ತು ವರ್ಷ ಸಿನಿಮಾ ನೋಡಿದವರಿಗೆ ಇದು ಆಗಿಯೇ ಆಗುತ್ತದೆ. ಅಣ್ಣ ತಂಗಿಯ ಮೇಲೆ ಅತಿಯಾಗಿ ಪ್ರೀತಿ ತೋರಿಸಿದರೆ ಇಂಟರ್‌ವಲ್ ಒಳಗೆ ತಂಗಿಗೆ ಏನೋ ಕಾದಿದೆ. ಪೊಲೀಸ್ ಅಧಿಕಾರಿ "ಮುಂದಿನ ತಿಂಗಳು ರಿಟೈರ್ ಆಗ್ತಿದ್ದೇನೆ" ಅಂದರೆ ಅವರ ಕಥೆ ಮುಗಿಯಿತು. ಇದೆಲ್ಲ ನಿಮಗೆ ಬಾಯಿಪಾಠ.

ಆದರೆ ಕಥೆ ಗೊತ್ತಿರುವುದೇ ಬೋರಿಗೆ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ನನ್ನ ಅಮ್ಮನನ್ನೇ ನೋಡಿ. ಕಟೀಲು ಮೇಳದ ‘ದೇವೀ ಮಹಾತ್ಮೆ’ ಯಕ್ಷಗಾನದ ಆಟವನ್ನು ಅವರು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಮಹಿಷಾಸುರ ಬರುವುದು ಗೊತ್ತು. ಜನರ ಮಧ್ಯದಿಂದಲೇ, ದೊಂದಿಯ ಬೆಂಕಿಯ ಜೊತೆ, ಕೂಗುತ್ತಾ ಬರುವುದು ಗೊತ್ತು. ಕೊನೆಗೆ ಸಾಯುವುದೂ ಗೊತ್ತು. ಆದರೂ ಚೆಂಡೆ ಏರಿದ ಕೂಡಲೇ ಅಮ್ಮ ಸೆರಗು ಬಿಗಿ ಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ಪಕ್ಕದಲ್ಲಿ ಮಲಗಿದ ಮಕ್ಕಳನ್ನು ತಟ್ಟಿ ಎಬ್ಬಿಸುತ್ತಾರೆ, "ಬಂದ, ಬಂದ!"

ಓದುವವರ ಮೇಲೂ ಇಂಥದ್ದೊಂದು ಪರೀಕ್ಷೆ ಆಗಿದೆ. 2011ರಲ್ಲಿ ಸ್ಯಾನ್ ಡಿಯಾಗೊದ ಇಬ್ಬರು ಮನಶ್ಶಾಸ್ತ್ರಜ್ಞರು ಸಣ್ಣ ಕಥೆಗಳ ಕೊನೆಯನ್ನು ಕೆಲವರಿಗೆ ಮೊದಲೇ ಹೇಳಿಬಿಟ್ಟರು. ಅಂಥವರಿಗೆ ಕಥೆ ಸ್ವಲ್ಪ ಹೆಚ್ಚೇ ಇಷ್ಟವಾಯಿತು. ಅಮ್ಮನಿಗೆ ಹೇಳಿದರೆ "ಅದಕ್ಕೆ ಪರೀಕ್ಷೆ ಬೇರೆ ಮಾಡಬೇಕಿತ್ತಾ?" ಅಂದರು.

ವ್ಯತ್ಯಾಸ ಎಲ್ಲಿದೆ? ಆಟದಲ್ಲಿ ಪ್ರಸಂಗ ಒಂದೇ, ಅರ್ಥ, ಅಂದರೆ ವೇಷಧಾರಿಗಳು ಆಡುವ ಮಾತು, ಬೇರೆ. ಮಾತೆಲ್ಲ ಅಲ್ಲೇ ಹುಟ್ಟುವುದು. ನಿನ್ನೆ ಕೃಷ್ಣನ ವೇಷ ಹಾಕಿದವರು ಬೇರೆ, ಇವತ್ತಿನವರು ಬೇರೆ. ಎದುರು ಕೌರವನಾಗಿ ಕೂತವರ ಮೂಡ್ ಬೇರೆ. ಯಾರು ಯಾರನ್ನು ಮಾತಿನಲ್ಲಿ ಸಿಕ್ಕಿಹಾಕಿಸುತ್ತಾರೆ ಅನ್ನುವುದು ಯಾರಿಗೂ ಮೊದಲೇ ಗೊತ್ತಿಲ್ಲ, ಹಾಡಿ ಆಟ ನಡೆಸುವ ಭಾಗವತರಿಗೂ. ಇನ್ನೊಂದು ಸೌಕರ್ಯವೂ ಉಂಟು. ಬೇಕಾದಾಗ ನೋಡಬಹುದು. ಬೇಡದಾಗ ಹೊರಗೆ ಹೋಗಿ ಚರುಮುರಿ ತಿಂದು, ನೆಂಟರ ಜೊತೆ ಮಾತಾಡಿ, ಚಾಪೆಯಲ್ಲಿ ಒಂದು ನಿದ್ದೆ ಮಾಡಿ ಬರಬಹುದು. ಸಿನಿಮಾದಲ್ಲಿ ಕಥೆಯೂ ಗೊತ್ತು, ಹೇಳುವ ರೀತಿಯೂ ಗೊತ್ತು, ಎದ್ದು ಹೋಗಲೂ ಆಗುವುದಿಲ್ಲ. ಆಗ ಬೋರಾಗದೆ ಇನ್ನೇನು?

ಹೇಳುವ ರೀತಿ ಹಿಡಿಸಿದರೆ ಗೊತ್ತಿದ್ದ ಕಥೆಗೂ ಜನ ಬರುತ್ತಾರೆ. 2011ರ ತುಳು ಸಿನಿಮಾ ‘ಒರಿಯರ್ದೊರಿ ಅಸಲ್’ ಮೊದಲು ನಾಟಕವಾಗಿತ್ತು. ನಾಟಕ ನೋಡಿದ್ದ ನಮ್ಮ ದೊಡ್ಡಪ್ಪ ಸಿನಿಮಾವನ್ನೂ ಎರಡು ಸಲ ನೋಡಿದರು. ನಗು ಎಲ್ಲಿ ಬರುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಅರ್ಧ ಸೆಕೆಂಡ್ ಮುಂಚೆಯೇ ನಗಲು ಶುರು ಮಾಡುತ್ತಿದ್ದರು. ಪಕ್ಕದಲ್ಲಿ ಕೂತ ನಮಗೆ ಅದೇ ಒಂದು ಸಿನಿಮಾ.

ಹಳೆಯ ಸಿನಿಮಾ ಬಂದರೆ ಕೂತು ನೋಡುತ್ತೇನೆ, ಹೊಸದು ಬೇಡ. ವಯಸ್ಸಾಯ್ತಾ?

ವಯಸ್ಸಾಗಿರಬಹುದು, ನಾಚಿಕೆ ಏನೂ ಬೇಡ. ನಲವತ್ತು ದಾಟಿದವರಲ್ಲಿ ಸುಮಾರು ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳೇ ಹೆಚ್ಚು ಗಟ್ಟಿಯಾಗಿರುತ್ತವೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡುವವರು ಹೇಳುತ್ತಾರೆ. ಆ ವಯಸ್ಸಿನಲ್ಲಿ ಕೇಳಿದ ಹಾಡು, ನೋಡಿದ ಸಿನಿಮಾ ಹೆಚ್ಚು ಹತ್ತಿರ. "ಆಗಿನ ಸಿನಿಮಾ ಎಷ್ಟು ಚೆನ್ನಾಗಿತ್ತು" ಅನ್ನುವಾಗ ಅದರಲ್ಲಿ ಅರ್ಧ ಪಾಲು "ಆಗ ನನ್ನ ಮಂಡಿ ನೋಯುತ್ತಿರಲಿಲ್ಲ" ಅನ್ನುವುದು. ಆಗಲೂ ಕೆಟ್ಟ ಸಿನಿಮಾ ಬೇಕಾದಷ್ಟು ಬರುತ್ತಿದ್ದವು. ಅವನ್ನು ನಾವು ಮರೆತಿದ್ದೇವೆ.

ಕೂತ ಕಾಲು ಗಂಟೆಗೆ ನಿದ್ದೆ ಬರುತ್ತದೆ.

ನಿದ್ದೆ ಮಾಡಿ. ದೊಡ್ಡವರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು. ಅದು ಬಾಕಿ ಇದ್ದರೆ ಕತ್ತಲೆ, ಎಸಿ, ಒರಗುವ ಕುರ್ಚಿ ಸಿಕ್ಕಿದಲ್ಲಿ ದೇಹ ವಸೂಲಿ ಮಾಡುತ್ತದೆ. ರಾತ್ರಿ ಜೋರಾಗಿ ಗೊರಕೆ ಹೊಡೆದು, ಎಷ್ಟು ಮಲಗಿದರೂ ಹಗಲು ತೂಕಡಿಕೆ ಬರುವುದಾದರೆ ಒಮ್ಮೆ ಡಾಕ್ಟರಿಗೆ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು.

ಅಪ್ಪನಿಗೆ ಎಪ್ಪತ್ತು. ಮೊದಲು ಸಿನಿಮಾ ಹುಚ್ಚು, ಈಗ ಟಿವಿ ಹಾಕಿದರೆ ಎದ್ದು ಹೋಗುತ್ತಾರೆ. ಸಿಟ್ಟಾ?

ಕಿವಿ ಪರೀಕ್ಷೆ ಮಾಡಿಸಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇದು ಗೊತ್ತಾಗಲು ಎರಡು ವರ್ಷ ಹಿಡಿಯಿತು.

ವಯಸ್ಸಾದಂತೆ ಮೊದಲು ಹೋಗುವುದು ತೀಕ್ಷ್ಣ ಸ್ವರಗಳನ್ನು ಕೇಳುವ ಶಕ್ತಿ. ಸ, ಶ, ಫ, ತ ಇಂಥ ಅಕ್ಷರಗಳು ಮಸುಕಾಗುತ್ತವೆ. ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಎದುರು ಕೂತು ಮಾತಾಡುವಾಗ ತುಟಿ ನೋಡಿ ಹೇಗೋ ಸುಧಾರಿಸುತ್ತಾರೆ. ಸಿನಿಮಾದಲ್ಲಿ ಹಿನ್ನೆಲೆ ಸಂಗೀತ ಡೈಲಾಗಿನ ಮೇಲೇ ಸವಾರಿ ಮಾಡುತ್ತದೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಸಂಗೀತವೂ ಜಾಸ್ತಿ.

ಅಪ್ಪ ಎಂದೂ "ನನಗೆ ಕೇಳಿಸುವುದಿಲ್ಲ" ಅನ್ನಲಿಲ್ಲ. "ಈಗಿನವರಿಗೆ ಮಾತಾಡಲಿಕ್ಕೇ ಬರುವುದಿಲ್ಲ, ಬಾಯೊಳಗೇ ಗೊಣಗುತ್ತಾರೆ" ಅನ್ನುತ್ತಿದ್ದರು. ನಾವೂ ಹೌದಪ್ಪಾ ಅನ್ನುತ್ತಿದ್ದೆವು. ಕಿವಿಗೆ ಮೆಷಿನ್ ಬಂದ ಮೇಲೆ ಮೊದಲ ವಾರ ಅವರು ಗಮನಿಸಿದ್ದು ಸಿನಿಮಾವನ್ನಲ್ಲ, ಅಡಿಗೆ ಮನೆಯ ಫ್ಯಾನ್ ಕಿರುಗುಟ್ಟುವುದನ್ನು. ಈಗ ಕೆಳಗೆ ಅಕ್ಷರ ಬರುವ ಹಾಗೆ ಮಾಡಿ ನೋಡುತ್ತಾರೆ. ಕಣ್ಣಿನ ಪೊರೆಯೂ ಇದ್ದರೆ ಅದನ್ನೂ ನೋಡಿಸಿ. ಕತ್ತಲೆಯ ದೃಶ್ಯವೇ ತುಂಬಿದ ಸಿನಿಮಾದಲ್ಲಿ ಪೊರೆ ಬಂದವರಿಗೆ ಕಾಣುವುದು ಬರೀ ಕಪ್ಪು.

ಮಗು ಹುಟ್ಟಿದ ಮೇಲೆ ಹೊಡೆದಾಟ, ರಕ್ತ ನೋಡಲಿಕ್ಕೇ ಆಗುವುದಿಲ್ಲ.

ಇದು ತುಂಬಾ ಜನಕ್ಕೆ ಆಗುತ್ತದೆ, ಗಂಡಸರಿಗೂ. ಮನೆಯಲ್ಲಿ ಸಾವಾದ ಮೇಲೂ ಹೀಗೆ. ಐಸಿಯು ಹೊರಗೆ ಹತ್ತು ರಾತ್ರಿ ಕೂತು ಬಂದವರಿಗೆ ಪರದೆಯ ಮೇಲಿನ ಆಸ್ಪತ್ರೆ ದೃಶ್ಯ ಮನರಂಜನೆ ಆಗುವುದಿಲ್ಲ. ಮೊದಲು ಅದು ಕಥೆಯಾಗಿತ್ತು, ಈಗ ನಿಮ್ಮದೇ ಮನೆ. ಒತ್ತಾಯ ಮಾಡಿಕೊಂಡು ನೋಡುವ ಅಗತ್ಯವೇನೂ ಇಲ್ಲ. ಕೆಲವರಿಗೆ ವರ್ಷ ಕಳೆದ ಮೇಲೆ ಸರಿಯಾಗುತ್ತದೆ. ಕೆಲವರು ಆಮೇಲೆ ತಮಾಷೆಯ ಸಿನಿಮಾ ಮಾತ್ರ ನೋಡುತ್ತಾರೆ.

ಇದು ಖಿನ್ನತೆ ಇರಬಹುದಾ? ಹೇಗೆ ಗೊತ್ತಾಗುತ್ತದೆ?

ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಖುಷಿ ಸಿಗದಿರುವುದಕ್ಕೆ ವೈದ್ಯರು ‘ಅನ್‌ಹೆಡೋನಿಯಾ’ ಅನ್ನುತ್ತಾರೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ 1896ರಲ್ಲಿ ಕೊಟ್ಟ ಹೆಸರು. ಖಿನ್ನತೆಯ ಎರಡು ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು. ಇನ್ನೊಂದು, ಬಿಡದೆ ಕಾಡುವ ಬೇಸರ.

ಡಾಕ್ಟರುಗಳು ನೋಡುವುದು ಎರಡು ವಾರದ ಲೆಕ್ಕ. ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಹೀಗೇ ಇದೆಯಾ? ಜೊತೆಗೆ ನಿದ್ದೆ ಕೆಟ್ಟಿದೆಯಾ, ಊಟ ಸೇರುತ್ತಿಲ್ಲವಾ, ಸುಸ್ತಾ, ನಾನು ಯಾವುದಕ್ಕೂ ಬಾರದವ ಅನ್ನಿಸುತ್ತಿದೆಯಾ? ಹೌದಾದರೆ ಕಾಯಬೇಡಿ. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲ, ಎಲ್ಲಿಗಾದರೂ ಹೋಗಬಹುದು. ಹೋಗಲು ಸಂಕೋಚ ಆದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸೇವೆ ಅದು. ಸಾಯುವ ಯೋಚನೆ ಬರುತ್ತಿದ್ದರೆ ಈಗಲೇ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ನಮ್ಮ ಕಡೆ ಇದನ್ನು "ಅವನಿಗೆ ಸೋಮಾರಿತನ" ಅಂತಲೋ, "ಯಾರದ್ದೋ ಕಣ್ಣು ಬಿದ್ದಿದೆ" ಅಂತಲೋ ತಳ್ಳಿಬಿಡುವುದುಂಟು. ದೈವದ ಹತ್ತಿರ ಹೇಳಿಕೊಳ್ಳುವುದಾದರೆ ಹೇಳಿಕೊಳ್ಳಿ. ಡಾಕ್ಟರ ಹತ್ತಿರವೂ ಹೇಳಿ.

ಖಿನ್ನತೆಗೆ ಮಾತ್ರೆ ತಗೊಳ್ತಿದ್ದೇನೆ. ಬೇಸರ ಕಮ್ಮಿಯಾಗಿದೆ, ಆದರೆ ಸಿನಿಮಾ ನೋಡಿದರೆ ಅಳುವೂ ಬರುವುದಿಲ್ಲ, ನಗುವೂ ಬರುವುದಿಲ್ಲ.

ಕೆಲವು ಮಾತ್ರೆಗಳಿಂದ ಕೆಲವರಿಗೆ ಭಾವನೆಗಳು ಮೊಂಡಾದ ಹಾಗೆ ಆಗುತ್ತದೆ. ಬರೆದುಕೊಟ್ಟ ಡಾಕ್ಟರಿಗೆ ಇದೇ ಮಾತಿನಲ್ಲಿ ಹೇಳಿ. ಡೋಸ್ ಅಥವಾ ಮಾತ್ರೆ ಬದಲಿಸುವ ದಾರಿ ಅವರಿಗೆ ಗೊತ್ತು. ನೀವಾಗಿಯೇ ನಿಲ್ಲಿಸಬೇಡಿ.

ಟಿಕೆಟ್ ದರವೂ ಕಾರಣ ಅಲ್ವಾ?

ಖಂಡಿತ. ನಾಲ್ಕು ಜನರ ಸಂಸಾರ ಮಾಲ್‌ಗೆ ಹೋಗಿ ಬರುವ ಖರ್ಚಿನಲ್ಲಿ ವಾರದ ಮೀನು, ತರಕಾರಿ ಎರಡೂ ಆಗುತ್ತದೆ. ಒಮ್ಮೆ ಇಲ್ಲಿನ ಒಂದು ಮಾಲ್‌ನಲ್ಲಿ ಟಿಕೆಟ್ಟಿಗಿಂತ ಪಾಪ್‌ಕಾರ್ನಿಗೇ ಜಾಸ್ತಿ ಕೊಟ್ಟು, ಸಿನಿಮಾ ಮುಗಿಯುವವರೆಗೂ ಆ ಲೆಕ್ಕವನ್ನೇ ಹಾಕುತ್ತಾ ಕೂತಿದ್ದೆ. ಹಾಗೆ ಕೂತವನಿಗೆ ಯಾವ ಸಿನಿಮಾವೂ ಚೆನ್ನಾಗಿ ಕಾಣುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತ್ತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು.

ದುಡ್ಡು ಜಾಸ್ತಿ ಕೊಟ್ಟಷ್ಟೂ ನಿರೀಕ್ಷೆ ಜಾಸ್ತಿ. ಗಾಂಧಿ ಕ್ಲಾಸಿನಲ್ಲಿ ಕೂತು ಕುತ್ತಿಗೆ ಎತ್ತಿ ನೋಡಿದವನು ಸಣ್ಣ ತಮಾಷೆಗೂ ಶಿಳ್ಳೆ ಹೊಡೆಯುತ್ತಿದ್ದ.

ಎಲ್ಲರೂ ನೋಡಿ ಬಂದು ಮಾತಾಡುತ್ತಾರೆ. ನಾನು ನೋಡಿಲ್ಲ ಅಂದರೆ ಬೇರೆ ಗ್ರಹದವನ ಹಾಗೆ ನೋಡುತ್ತಾರೆ.

2022ರಲ್ಲಿ ‘ಕಾಂತಾರ’ ಬಂದಾಗ ಇದರ ಅನುಭವ ನಮ್ಮ ಊರಿನಲ್ಲಿ ಎಲ್ಲರಿಗೂ ಆಯ್ತು. ದೈವ, ಕೋಲ, ಕಂಬಳ, ಎಲ್ಲವೂ ನಮ್ಮದೇ. ಮಾಡಿದವರೂ ಕುಂದಾಪುರ ಕಡೆಯವರು. ನೋಡಿಲ್ಲ ಅಂದರೆ ಊರಿಗೇ ದ್ರೋಹ ಮಾಡಿದ ಹಾಗೆ. ನಮ್ಮ ನೆರೆಮನೆಯ ಅಜ್ಜಿ ಇಪ್ಪತ್ತು ವರ್ಷದಲ್ಲಿ ಟಾಕೀಸಿನ ಮುಖ ನೋಡಿರಲಿಲ್ಲ. ಅವರೂ ಮೊಮ್ಮಕ್ಕಳ ಜೊತೆ ಹೋದರು. ಚಪ್ಪಲಿ ಬಿಟ್ಟು ಸೀಟಿನಲ್ಲಿ ಕಾಲು ಮಡಚಿ ಕೂತರಂತೆ. ಕೊನೆಗೆ ಕೈ ಮುಗಿದರಂತೆ. ಆಮೇಲೆ ಇವತ್ತಿನವರೆಗೆ ಇನ್ನೊಂದು ಸಿನಿಮಾ ನೋಡಿಲ್ಲ. ಕೇಳಿದರೆ, "ನಾನು ಸಿನಿಮಾಕ್ಕೆ ಹೋದದ್ದಾ? ದೈವ ನೋಡಲಿಕ್ಕೆ ಹೋದದ್ದು" ಅನ್ನುತ್ತಾರೆ.

ಆಫೀಸಿನಲ್ಲಿ ಕೇಳಿದರೆ "ಇನ್ನೂ ನೋಡಿಲ್ಲ, ನೀವು ಹೇಳಿ" ಅನ್ನಿ. ಸಿನಿಮಾ ನೋಡಿ ಬಂದವರಿಗೆ ಬೇಕಾಗಿರುವುದೇ ಕಥೆ ಹೇಳಲು ಒಬ್ಬರು. ಅಷ್ಟು ಒಳ್ಳೆಯ ಕೇಳುಗರು ಅವರಿಗೆ ಸಿಗುವುದು ಅಪರೂಪ.

ನಮ್ಮ ಮನೆಯವರಿಗೆ ಸಿನಿಮಾ ಅಂದರೆ ಪ್ರಾಣ, ನನಗೆ ಬೇಡ. ಏನು ಮಾಡುವುದು?

ಅಕ್ಕ, ಭಾವನದ್ದು ಇದೇ ಕಥೆ. ಮೊದಲು ಅಕ್ಕ ಸುಮ್ನೆ ಹೋಗಿ, ಕತ್ತಲೆಯಲ್ಲಿ ಕೂತು, ಮುಖ ಊದಿಸಿಕೊಂಡು ಬರುತ್ತಿದ್ದಳು. ಈಗ ಒಟ್ಟಿಗೇ ಮಂಗಳೂರಿಗೆ ಬರುತ್ತಾರೆ. ಭಾವ ಸಿನಿಮಾಕ್ಕೆ, ಅಕ್ಕ ಹಂಪನಕಟ್ಟೆಯ ಸೀರೆ ಅಂಗಡಿಗಳಿಗೆ. ಮೂರು ಗಂಟೆ ಕಳೆದು ಐಸ್‌ಕ್ರೀಮ್ ಅಂಗಡಿಯಲ್ಲಿ ಸೇರಿ ಗಡ್‌ಬಡ್ ತಿನ್ನುತ್ತಾರೆ. ಭಾವ ಕಥೆ ಹೇಳುತ್ತಾರೆ, ಅಕ್ಕ ಸೀರೆ ತೋರಿಸುತ್ತಾಳೆ. ಇಬ್ಬರೂ ಒಬ್ಬರದ್ದನ್ನು ಒಬ್ಬರು ಸರಿಯಾಗಿ ಕೇಳುವುದಿಲ್ಲ. ಚೆನ್ನಾಗಿದ್ದಾರೆ.

ನನಗೆ ಚಿಕ್ಕಂದಿನಿಂದಲೂ ಸಿನಿಮಾ ಹಿಡಿಸಿದ್ದೇ ಇಲ್ಲ.

ಇರಲಿ ಬಿಡಿ. ಕಥೆಯೊಳಗೆ ಪೂರ್ತಿ ಮುಳುಗುವ ಗುಣ ಎಲ್ಲರಿಗೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಕೆಲವರಿಗೆ ಪರದೆ ಪರದೆಯಾಗಿಯೇ ಕಾಣುತ್ತದೆ, ನಟ ನಟನಾಗಿಯೇ. ಅಂಥವರಲ್ಲಿ ತಾಳಮದ್ದಳೆ ಅಂದರೆ ಬಾಯಿ ಬಿಟ್ಟು ಕೂರುವವರನ್ನು ನೋಡಿದ್ದೇನೆ. ಅಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಬರೀ ಮಾತು.

ಮತ್ತೆ ಆಸಕ್ತಿ ಬರಬೇಕೆಂದರೆ ಏನು ಮಾಡಬಹುದು?

ನನಗೆ ಕೆಲಸ ಮಾಡಿದ್ದನ್ನು ಹೇಳುತ್ತೇನೆ. ಯಾವ ಸಿನಿಮಾ ಅಂತ ಗುರುವಾರವೇ ತೀರ್ಮಾನ ಮಾಡುತ್ತೇವೆ. ಒಂದು ವಾರ ನಾನು, ಒಂದು ವಾರ ಹೆಂಡತಿ. ತಕರಾರು ಇಲ್ಲ. ಗಂಜಿ ಮೊದಲು ಉಂಡು ಮುಗಿಸುವುದು. ಮೊಬೈಲ್ ಎರಡೂ ಅಡಿಗೆ ಮನೆಯ ಅಕ್ಕಿ ಡಬ್ಬದ ಮೇಲೆ. ಎದ್ದು ಹೋಗಿ ತರಲು ಸೋಮಾರಿತನ ಆಗುತ್ತದೆ, ಆ ಸೋಮಾರಿತನವೇ ನಮ್ಮನ್ನು ಕಾಪಾಡುವುದು.

ಅರ್ಧ ಗಂಟೆ ನೋಡಿ ಹಿಡಿಸದಿದ್ದರೆ ನಿಲ್ಲಿಸುತ್ತೇವೆ. ದುಡ್ಡು ಕೊಟ್ಟಿದ್ದೇವೆ ಅಂತ ಪೂರ್ತಿ ನೋಡುವ ಚಟವೇ ಹಲವರಿಗೆ ಸಿನಿಮಾ ಬೊಡಿಯುವ ಹಾಗೆ ಮಾಡಿದ್ದು. ಟ್ರೇಲರ್ ನೋಡುವುದನ್ನು ಬಿಟ್ಟಿದ್ದೇನೆ, ಅದರಲ್ಲಿ ಒಳ್ಳೆಯ ತಮಾಷೆಗಳೆಲ್ಲ ಖಾಲಿಯಾಗಿರುತ್ತವೆ. ಗೊತ್ತಿಲ್ಲದ ಭಾಷೆಯ ಸಿನಿಮಾ ನೋಡಿದರೆ ಮೊಬೈಲಿನ ಕಡೆ ಕಣ್ಣು ಹೋಗುವ ಹಾಗೇ ಇಲ್ಲ, ಅಕ್ಷರ ಓದಬೇಕಲ್ಲ. ರಾತ್ರಿಗಿಂತ ಮಧ್ಯಾಹ್ನದ ಶೋ ನಮಗೆ ಒಳ್ಳೆಯದು. ಬಸ್ಸೂ ಸಿಗುತ್ತದೆ, ಎಚ್ಚರವೂ ಇರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುವುದು. ಸಿನಿಮಾ ನೋಡಿ ವಾದ ಮಾಡುವವರಾದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಹೇಳುವ ನೀವು ಕೊನೆಗೆ ಟಾಕೀಸಿಗೆ ಹೋಗಿ ಸಿನಿಮಾ ನೋಡಿದ್ದು ಯಾವಾಗ?

ಕಳೆದ ಮಳೆಗಾಲದಲ್ಲಿ, ಅಕ್ಕನ ಮಗನ ಜೊತೆ. ಅವನೇ ಮೊಬೈಲಿನಲ್ಲಿ ಟಿಕೆಟ್ ಮಾಡಿದ್ದ. ಕ್ಯೂ ಇಲ್ಲ, ಕಂಡಿ ಇಲ್ಲ. ಮೊದಲರ್ಧ ಚೆನ್ನಾಗಿಯೇ ಇತ್ತು. ಇಂಟರ್‌ವಲ್ ಆದ ಮೇಲೆ ನಾನು ನಿದ್ದೆ ಹೋದೆ. ಕ್ಲೈಮ್ಯಾಕ್ಸ್‌ಗೆ ಅವನು ಮೊಣಕೈಯಲ್ಲಿ ತಿವಿದು, "ಮಾವಾ, ಏಳಿ, ಸಾಯ್ತಾನೆ ಈಗ" ಅಂದ. ಎದ್ದೆ. ಸತ್ತ. ಹೊರಗೆ ಬಂದಾಗ ಜೋರು ಮಳೆ, ಇಬ್ಬರಿಗೂ ಸೇರಿ ಒಂದೇ ಕೊಡೆ. ರಸ್ತೆ ಬದಿಯ ಗಾಡಿಯಲ್ಲಿ ಚರುಮುರಿ ತಗೊಂಡೆವು. ಮಾವಿನಕಾಯಿ ಸ್ವಲ್ಪ ಜಾಸ್ತಿ ಹಾಕಿಸಿಕೊಂಡು, ಬಸ್ ಬರುವವರೆಗೆ ಅವನು ನನಗೆ ತಪ್ಪಿಹೋದ ಮುಕ್ಕಾಲು ಗಂಟೆಯ ಕಥೆ ಹೇಳಿದ. ಹೊಡೆದಾಟದ ಜಾಗದಲ್ಲಿ ಕೈ ಬೀಸುವಾಗ ಅರ್ಧ ಚರುಮುರಿ ಕೆಳಗೆ ಬಿತ್ತು.